ತೋಮನಿಗೆ ಸಿಕ್ಕ ಎಂಟು ದಿನ

ಲೂಕನ ಸುವಾರ್ತೆಯ ಮೊದಲ ಅಧ್ಯಾಯದಲ್ಲೇ ಇಬ್ಬರು ಒಬ್ಬನೇ ದೇವದೂತನನ್ನು ಪ್ರಶ್ನಿಸುತ್ತಾರೆ. ನಿನಗೆ ಮಗ ಹುಟ್ಟುತ್ತಾನೆಂದು ಗಬ್ರಿಯೇಲನು ಹೇಳಿದಾಗ, ಇದನ್ನು ನಂಬುವುದು ಹೇಗೆ ಎಂಬ ಅರ್ಥದಲ್ಲಿ ಮುಪ್ಪಿನ ಯಾಜಕ ಜಕರೀಯನು ಕೇಳುತ್ತಾನೆ. ಮಗುವಿಗೆ ಹೆಸರಿಡುವ ದಿನದವರೆಗೂ ಅವನ ಬಾಯಿ ಕಟ್ಟಿಹೋಗುತ್ತದೆ. ಕೆಲವು ತಿಂಗಳ ನಂತರ ನಜರೇತಿನ ಮರಿಯಳು ಅದೇ ದೂತನನ್ನು, ಇದು ನಡೆಯುವುದು ಹೇಗೆ ಎಂದು ಕೇಳುತ್ತಾಳೆ. ಅವಳಿಗೆ ಬಿಡಿಸಿದ ಉತ್ತರ ಸಿಗುತ್ತದೆ. ಒಬ್ಬನು ಗುರುತು ಕೇಳಿದ, ಇನ್ನೊಬ್ಬಳು ದಾರಿ ಕೇಳಿದಳು ಎಂದು ವ್ಯಾಖ್ಯಾನಕಾರರು ಇದನ್ನು ಬಗೆಹರಿಸಲು ನೋಡಿದ್ದಾರೆ. ಓದುವವರಿಗೆ ಮಾತ್ರ ಎರಡು ಪ್ರಶ್ನೆಗಳ ನಡುವಿನ ಗೆರೆ ಬಹಳ ತೆಳುವಾಗಿ ಕಾಣುತ್ತದೆ.

ದೇವರು ಯಾವ ಪ್ರಶ್ನೆಯನ್ನು ತಾಳಿಕೊಳ್ಳುತ್ತಾನೆ, ಎಷ್ಟು ಕಾಲ ತಾಳಿಕೊಳ್ಳುತ್ತಾನೆ, ಯಾವಾಗ ಸಂದೇಹ ಅವಿಶ್ವಾಸವಾಗುತ್ತದೆ ಎಂಬುದರ ಬಗ್ಗೆ ಕ್ರೈಸ್ತ ಸಭೆ ಎರಡು ಸಾವಿರ ವರ್ಷ ವಾದಿಸಿದೆ. ಆ ವಾದಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ನನಗೊಂದು ವಿಷಯ ಎದ್ದು ಕಾಣುತ್ತದೆ. ದೇವರು ತಾಳ್ಮೆಯುಳ್ಳವನು ಎಂಬ ಮಾತಿಗೆ ಬಹುತೇಕ ಯಾರದ್ದೂ ತಕರಾರಿಲ್ಲ. ಭಿನ್ನಾಭಿಪ್ರಾಯವೆಲ್ಲ ಆ ತಾಳ್ಮೆಯನ್ನು ಭೂಮಿಯ ಮೇಲೆ ಯಾರು, ಯಾರ ಕಡೆಗೆ, ಎಷ್ಟು ದಿನ ನಡೆಸಿಕೊಡಬೇಕು ಎಂಬಲ್ಲಿದೆ.

ಜಗಳವಾಡುವವರ ಗ್ರಂಥ

ಸೊದೋಮ್ ಊರನ್ನು ಉಳಿಸಲು ಅಬ್ರಹಾಮನು ದೇವರೊಂದಿಗೆ ಚೌಕಾಸಿಗೆ ಇಳಿಯುತ್ತಾನೆ. 50 ಮಂದಿ ನೀತಿವಂತರಿಂದ ಶುರುವಾದ ಲೆಕ್ಕ 10ಕ್ಕೆ ಇಳಿಯುವವರೆಗೂ ದೇವರು ಅಲ್ಲಿಂದ ಹೊರಡುವುದಿಲ್ಲ. ಅದೇ ಅಧ್ಯಾಯದಲ್ಲಿ ಗುಡಾರದ ಬಾಗಿಲ ಮರೆಯಲ್ಲಿ ಸಾರಳು ನಗುತ್ತಾಳೆ, ಕೇಳಿದರೆ ನಗಲಿಲ್ಲ ಎನ್ನುತ್ತಾಳೆ. ನಕ್ಕದ್ದು ನಿಜ ಎಂಬಷ್ಟೇ ಉತ್ತರ ಬರುತ್ತದೆ; ಕೊಟ್ಟ ಮಾತು ರದ್ದಾಗುವುದಿಲ್ಲ. ಗಿದ್ಯೋನನು ಒಂದು ರಾತ್ರಿ ಉಣ್ಣೆ ಮಾತ್ರ ನೆನೆಯಲಿ ಎಂದು ಕೇಳಿ, ಅದು ನಡೆದ ಮೇಲೂ ಸಮಾಧಾನವಾಗದೆ ಮರುರಾತ್ರಿ ನೆಲ ಮಾತ್ರ ನೆನೆಯಲಿ ಎನ್ನುತ್ತಾನೆ. ಎರಡೂ ನಡೆಯುತ್ತವೆ. ಉರಿಯುವ ಪೊದೆಯ ಮುಂದೆ ಮೋಶೆ ನೆಪದ ಮೇಲೆ ನೆಪ ಹೇಳುತ್ತಾ ಹೋದಾಗ ದೇವರಿಗೆ ಕೋಪ ಬಂತೆಂದು ವಿಮೋಚನಕಾಂಡವೇ ಹೇಳುತ್ತದೆ. ಆದರೆ ಆ ಕೋಪದಿಂದ ಮೋಶೆಗೆ ದೊರೆತದ್ದು ಚೆನ್ನಾಗಿ ಮಾತಾಡಬಲ್ಲ ಅಣ್ಣ ಆರೋನನ ಜೊತೆ.

ಯೋಬನ ಗ್ರಂಥ ಇನ್ನೂ ಮುಂದೆ ಹೋಗುತ್ತದೆ. ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡವನು ಅಧ್ಯಾಯದ ಮೇಲೆ ಅಧ್ಯಾಯ ದೇವರನ್ನೇ ನ್ಯಾಯಕ್ಕೆ ಕರೆಯುತ್ತಾನೆ. ಅವನ ಸ್ನೇಹಿತರು ದೇವರ ಪರವಾಗಿ ವಕಾಲತ್ತು ವಹಿಸುತ್ತಾರೆ. ಅವರ ಮಾತುಗಳಲ್ಲಿ ಬಹುಪಾಲು ಇಂದಿಗೂ ಯಾವ ಪ್ರಸಂಗಪೀಠದಿಂದಲೂ ಕೇಳಿಬರಬಹುದಾದಂಥವು. ಬಿರುಗಾಳಿಯೊಳಗಿಂದ ಬಂದ ದೇವರ ಮಾತು ಯೋಬನ ಪ್ರಶ್ನೆಗೆ ನೇರ ಉತ್ತರ ಕೊಡುವುದಿಲ್ಲ. ಆದರೆ 42ನೇ ಅಧ್ಯಾಯದಲ್ಲಿ ತೀರ್ಪು ಸ್ಪಷ್ಟವಾಗಿದೆ: ದೇವರ ವಿಷಯದಲ್ಲಿ ಸರಿಯಾಗಿ ಮಾತಾಡಿದವನು ದೂರಿದ ಯೋಬ, ಸಮರ್ಥಿಸಿದ ಸ್ನೇಹಿತರಿಗಾಗಿ ಯೋಬನೇ ಪ್ರಾರ್ಥಿಸಬೇಕು. 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಲಾಪಗಳು. ಅವುಗಳಲ್ಲಿ ಹೆಚ್ಚಿನವು ಕೊನೆಗೆ ಸ್ತುತಿಯ ಕಡೆ ತಿರುಗುತ್ತವೆ. 88ನೆಯದು ತಿರುಗುವುದಿಲ್ಲ; ಕತ್ತಲಲ್ಲೇ ಮುಗಿಯುತ್ತದೆ. ಅದನ್ನು ಸಂಗ್ರಹದಿಂದ ಯಾರೂ ತೆಗೆದುಹಾಕಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸುವುದು ಪ್ರಾಮಾಣಿಕವಲ್ಲ. ಮಸ್ಸಾ ಎಂಬಲ್ಲಿ ನೀರಿಲ್ಲದೆ ಗೊಣಗಿದ ಇಸ್ರಾಯೇಲ್ಯರು ದೇವರು ನಮ್ಮ ಮಧ್ಯೆ ಇದ್ದಾನೋ ಇಲ್ಲವೋ ಎಂದು ಕೇಳಿದ್ದನ್ನು ಬೈಬಲು ದೇವರನ್ನು ಪರೀಕ್ಷಿಸಿದ ಅಪರಾಧವಾಗಿ ನೆನಪಿಡುತ್ತದೆ. ವಾಗ್ದಾನದ ನಾಡಿನ ಗಡಿಯಲ್ಲಿ ಹಿಂಜರಿದ ಪೀಳಿಗೆ 40 ವರ್ಷ ಅರಣ್ಯದಲ್ಲೇ ಸವೆದುಹೋಗುತ್ತದೆ. ಯಾಕೋಬನ ಪತ್ರ ಸಂದೇಹಪಡುವವನನ್ನು ಗಾಳಿಗೆ ಸಿಕ್ಕ ಅಲೆಯ ಸಾಲಿಗೆ ಸೇರಿಸಿದರೆ, ಯೂದನ ಪುಟ್ಟ ಪತ್ರ ಸಂದೇಹಪಡುವವರಿಗೆ ಕರುಣೆ ತೋರಿಸಿ ಎನ್ನುತ್ತದೆ. ಎರಡೂ ಒಂದೇ ಹೊಸ ಒಡಂಬಡಿಕೆಯಲ್ಲಿವೆ.

ಇನ್ನೊಂದು ಸಂಗತಿಯನ್ನು ಚರ್ಚೆಯಲ್ಲಿ ಹೆಚ್ಚಾಗಿ ಗಮನಿಸುವುದಿಲ್ಲ. ದೇವರ ದೀರ್ಘಶಾಂತಿಯನ್ನು ನೇರವಾಗಿ ಹೇಳುವ ವಾಕ್ಯಗಳು, ಅಂದರೆ ವಿಮೋಚನಕಾಂಡ 34, ರೋಮಾಪುರದವರಿಗೆ ಬರೆದ ಪತ್ರದ 2ನೇ ಅಧ್ಯಾಯ, ಪೇತ್ರನ ಎರಡನೇ ಪತ್ರದ 3ನೇ ಅಧ್ಯಾಯ, ಇವೆಲ್ಲ ಪಾಪ ಮತ್ತು ಪಶ್ಚಾತ್ತಾಪದ ಸಂದರ್ಭದಲ್ಲಿ ಬಂದಿವೆ. ಪ್ರಶ್ನೆ ಕೇಳುವವರ ಕಡೆಗೆ ದೇವರ ತಾಳ್ಮೆ ಎಂಥದು ಎಂದು ತಿಳಿಯಬೇಕಾದರೆ ಸಿದ್ಧಾಂತದ ವಾಕ್ಯಗಳು ಸಾಲವು, ಕಥೆಗಳಿಗೇ ಹೋಗಬೇಕು. ಕಥೆಗಳಿಂದ ನಿಯಮ ತೆಗೆಯುವುದು ಕಷ್ಟ. ಮುಂದಿನ ಭಿನ್ನಾಭಿಪ್ರಾಯಗಳಿಗೆ ದೊಡ್ಡ ಕಾರಣ ಇದೇ ಎಂದು ನಾನು ಭಾವಿಸುತ್ತೇನೆ.

ಬೀಗ ಹಾಕಿದ ಮನೆಯೊಳಗೆ

ಅಂಥ ಕಥೆಗಳಲ್ಲಿ ಮುಖ್ಯವಾದದ್ದು ಯೋಹಾನನ ಸುವಾರ್ತೆಯ 20ನೇ ಅಧ್ಯಾಯದ್ದು. ಪುನರುತ್ಥಾನದ ಸಂಜೆ ಯೇಸು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ಗಾಯದಲ್ಲಿ ಬೆರಳಿಟ್ಟು ನೋಡದೆ ನಂಬುವುದಿಲ್ಲ ಎಂದು ಅವನು ಹಟ ಹಿಡಿದ. ಎಂಟು ದಿನದ ಮೇಲೆ ಯೇಸು ಮತ್ತೆ ಬಂದು, ತೋಮ ಒಡ್ಡಿದ್ದ ಷರತ್ತುಗಳನ್ನೇ ಒಂದೊಂದಾಗಿ ಎತ್ತಿಕೊಂಡು ಅವನ ಮುಂದೆ ಕೈಚಾಚಿದ. ತೋಮ ಮುಟ್ಟಿದನೆಂದು ಯೋಹಾನ ಎಲ್ಲೂ ಬರೆಯಲಿಲ್ಲ. ಗಾಯದೊಳಗೆ ಹೋದ ಬೆರಳು ನಮ್ಮ ಕಣ್ಣಿಗೆ ಕಟ್ಟಿದ್ದು ಕಾರವಾಜ್ಜೋ 1602ರ ಸುಮಾರಿಗೆ ಬರೆದಂಥ ಚಿತ್ರಗಳಿಂದ.

ಈ ಪ್ರಸಂಗವನ್ನು ಓದಿದವರು ಮೂರು ದಿಕ್ಕಿಗೆ ಹೋಗಿದ್ದಾರೆ. 6ನೇ ಶತಮಾನದ ಕೊನೆಯಲ್ಲಿ ಪೋಪ್ ಆಗಿದ್ದ ಮಹಾ ಗ್ರೆಗೊರಿ, ಬೇಗ ನಂಬಿದ ಶಿಷ್ಯರ ನಂಬಿಕೆಗಿಂತ ತೋಮನ ಅಪನಂಬಿಕೆಯೇ ನಮ್ಮ ನಂಬಿಕೆಗೆ ಹೆಚ್ಚು ಉಪಕಾರ ಮಾಡಿತು ಎಂದು ಬೋಧಿಸಿದ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಈಸ್ಟರ್ ನಂತರದ ಭಾನುವಾರವನ್ನು ತೋಮನ ಹೆಸರಿನಲ್ಲೇ ಆಚರಿಸಿ, ಅವನ ಅಪನಂಬಿಕೆಯನ್ನು ಒಳ್ಳೆಯದೆಂದು ಹಾಡುತ್ತವೆ. ಪ್ರೊಟೆಸ್ಟಂಟ್ ಸುಧಾರಕ ಜಾನ್ ಕ್ಯಾಲ್ವಿನ್ ತನ್ನ ವ್ಯಾಖ್ಯಾನದಲ್ಲಿ ತೋಮನನ್ನು ಮಂದಬುದ್ಧಿಯವನೆಂದೂ ಹಟಮಾರಿಯೆಂದೂ ಕಟುವಾಗಿ ಗದರಿಸುತ್ತಾನೆ. ತೋಮನ ಹಟ ಹೆಚ್ಚಿದಷ್ಟೂ ಕ್ರಿಸ್ತನ ದಯೆ ದೊಡ್ಡದಾಗಿ ಕಾಣುತ್ತದೆ ಎಂಬುದು ಅವನ ಓದು.

ನನ್ನನ್ನು ಹಿಡಿದು ನಿಲ್ಲಿಸುವುದು ಆ ಎಂಟು ದಿನಗಳು. ಕರ್ತನನ್ನು ಕಂಡೆವು ಎಂದು ಹೇಳುವ ಹತ್ತು ಜನರ ಮಾತನ್ನು ಸುಳ್ಳೆಂದವನು ಅದೇ ಹತ್ತು ಜನರ ಜೊತೆ, ಬಾಗಿಲು ಭದ್ರಮಾಡಿದ ಅದೇ ಮನೆಯಲ್ಲಿ, ಮುಂದಿನ ವಾರವೂ ಇದ್ದ. ಅವನು ಸಿಟ್ಟಿನಿಂದ ಹೊರಟುಹೋಗಲಿಲ್ಲ, ಅವರು ಹೊರಗೆ ಹಾಕಲೂ ಇಲ್ಲ. ಆ ವಾರ ಅವರು ಏನು ಮಾತಾಡಿಕೊಂಡರೋ ಯೋಹಾನ ಹೇಳುವುದಿಲ್ಲ. ಆದರೆ ಯೇಸುವಿನ ತಾಳ್ಮೆ ತೋಮನನ್ನು ತಲುಪಲು ಸಾಧ್ಯವಾದದ್ದು ಆ ಹತ್ತು ಮಂದಿ ಅವನಿಗೆ ಜಾಗ ಕೊಟ್ಟಿದ್ದರಿಂದ. ಈ ತೋಮನೇ ಕ್ರಿ.ಶ. 52ರಲ್ಲಿ ಕೇರಳದ ಕರಾವಳಿಗೆ ಬಂದು, ಮೈಲಾಪುರದಲ್ಲಿ ಹುತಾತ್ಮನಾದನೆಂದು ಭಾರತದ ಹಳೆಯ ಕ್ರೈಸ್ತ ಪರಂಪರೆ ಹೇಳುತ್ತದೆ. ನಮ್ಮ ದೇಶದ ಅತ್ಯಂತ ಪುರಾತನ ಕ್ರೈಸ್ತ ಸಮುದಾಯ ತನ್ನ ಮೂಲಪುರುಷನೆಂದು ಕರೆದುಕೊಳ್ಳುವುದು ಸಂದೇಹಪಟ್ಟ ಶಿಷ್ಯನನ್ನೇ.

ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದ ತಂದೆಯನ್ನೂ ಇಲ್ಲಿ ನೆನೆಯಬೇಕು. ಮಗನ ರೋಗ ವಾಸಿಯಾಗಲೆಂದು ಬಂದ ಅವನು ನಂಬಿಕೆ ಇದೆ ಎಂದೂ ನಂಬಿಕೆ ಸಾಲದು ಎಂದೂ ಒಂದೇ ಉಸಿರಿನಲ್ಲಿ ಹೇಳುತ್ತಾನೆ. ಮಗ ಗುಣವಾಗುತ್ತಾನೆ. ಪ್ರಾರ್ಥನೆ ಫಲಿಸದಿದ್ದಾಗ ನಿಮ್ಮ ವಿಶ್ವಾಸ ಕಡಿಮೆಯಾಯಿತು ಎಂದು ರೋಗಿಯ ಮನೆಯವರ ಮೇಲೆ ಹೊರೆ ಹೊರಿಸುವ ರೂಢಿ ನಮ್ಮ ಅನೇಕ ಪ್ರಾರ್ಥನಾಕೂಟಗಳಲ್ಲಿದೆ. ಆ ರೂಢಿಗೆ ಈ ಅಧ್ಯಾಯದಲ್ಲಿ ಆಧಾರವಿಲ್ಲ.

ಅರಿಯಲು ಹೊರಟ ನಂಬಿಕೆ

ಆದಿಸಭೆಯಲ್ಲಿ ತೆರ್ತುಲ್ಯನ್ ಒಂದು ತುದಿ. ಕ್ರಿಸ್ತನು ಸಿಕ್ಕಮೇಲೆ ಹುಡುಕಾಟ ಮುಗಿಯಬೇಕು, ಹುಡುಕುತ್ತಲೇ ಇರುವವನಿಗೆ ಇನ್ನೂ ಸಿಕ್ಕಿಲ್ಲ ಎಂಬುದು 200ರ ಸುಮಾರಿಗೆ ಅವನು ಬರೆದದ್ದರ ತಿರುಳು. ಬಗೆಬಗೆಯ ಪಂಥಗಳು ಸುವಾರ್ತೆಯನ್ನು ತಮಗೆ ಬೇಕಾದಂತೆ ತಿರುಚುತ್ತಿದ್ದ ಕಾಲವದು. ಅವನ ಭಯಕ್ಕೆ ಕಾರಣವಿತ್ತು.

ಇನ್ನೊಂದು ತುದಿಯಲ್ಲಿ ಆಗಸ್ಟೀನ್. ಅವನು ಸುಮಾರು ಒಂಬತ್ತು ವರ್ಷ ಮಾನಿಕೇಯರ ಪಂಥದಲ್ಲಿದ್ದ, ಆಮೇಲೆ ಯಾವುದನ್ನೂ ಖಚಿತವಾಗಿ ಅರಿಯಲಾಗದು ಎನ್ನುವ ತತ್ವಜ್ಞಾನಿಗಳ ಕಡೆ ವಾಲಿದ, 387ರ ಈಸ್ಟರ್‌ನಲ್ಲಿ ದೀಕ್ಷಾಸ್ನಾನ ಪಡೆದ. ಅವನ ಆತ್ಮಕಥನದಲ್ಲಿ ನನಗೆ ಬಹಳ ಮುಖ್ಯವೆನಿಸುವ ಒಂದು ಪ್ರಸಂಗವಿದೆ. ತಾಯಿ ಮೋನಿಕ ಒಬ್ಬ ಬಿಷಪ್ಪನ ಬಳಿ ಹೋಗಿ, ಮಗನ ಜೊತೆ ವಾದಿಸಿ ಅವನ ತಪ್ಪನ್ನು ತೋರಿಸಿಕೊಡಿ ಎಂದು ಅಂಗಲಾಚುತ್ತಾಳೆ. ತಾನೂ ಬಾಲ್ಯದಲ್ಲಿ ಮಾನಿಕೇಯರ ನಡುವೆ ಬೆಳೆದಿದ್ದ ಆ ಬಿಷಪ್ ಒಪ್ಪುವುದಿಲ್ಲ. ಅವನ ಪಾಡಿಗೆ ಬಿಡು, ಪ್ರಾರ್ಥಿಸು, ಓದುತ್ತ ಓದುತ್ತ ಅವನೇ ಕಂಡುಕೊಳ್ಳುತ್ತಾನೆ ಎನ್ನುತ್ತಾನೆ. ಪಶ್ಚಿಮದ ಕ್ರೈಸ್ತ ಚಿಂತನೆಯನ್ನು ರೂಪಿಸಿದ ಮನಸ್ಸು ಉಳಿದದ್ದು ಹೆಸರು ದಾಖಲಾಗದ ಆ ಬಿಷಪ್ಪನ ಸಂಯಮದಿಂದಲೂ ಹೌದು.

11ನೇ ಶತಮಾನದಲ್ಲಿ ಆನ್ಸೆಲ್ಮ್ ನಂಬಿಕೆಯನ್ನು ಅರಿವಿನ ಹುಡುಕಾಟವಾಗಿ ಕಂಡ. 13ನೇ ಶತಮಾನದಲ್ಲಿ ಥಾಮಸ್ ಅಕ್ವಿನಾಸ್ ತನ್ನ ದೇವಶಾಸ್ತ್ರದ ಮಹಾಸಂಗ್ರಹದ ಪ್ರತಿ ಪ್ರಶ್ನೆಯನ್ನೂ ಎದುರುವಾದದಿಂದಲೇ ಶುರುಮಾಡಿದ. ದೇವರಿದ್ದಾನೆಯೇ ಎಂಬ ಪ್ರಶ್ನೆಗೆ ಅವನು ಮೊದಲು ಎತ್ತುವ ಆಕ್ಷೇಪ ಲೋಕದಲ್ಲಿರುವ ಕೇಡು. ಎರಡನೆಯದು, ಪ್ರಕೃತಿಯಿಂದಲೇ ಎಲ್ಲವನ್ನೂ ವಿವರಿಸಬಹುದಲ್ಲ ಎಂಬುದು. ಇಂದಿನ ನಾಸ್ತಿಕರ ವಾದದ ಬಹುಪಾಲು ಅಲ್ಲೇ ಇದೆ. ಆದರೂ ಗೊತ್ತಿದ್ದೂ ನಂಬಿಕೆಯ ಒಂದೇ ಒಂದು ಅಂಶವನ್ನು ತಳ್ಳಿಹಾಕಿದವನಲ್ಲಿ ನಂಬಿಕೆಯೇ ಉಳಿಯುವುದಿಲ್ಲ ಎಂಬುದು ಅವನ ನಿಲುವು. ಪ್ರಶ್ನೆಗೆ ತೆರೆದ ಬಾಗಿಲು, ನಿರಾಕರಣೆಗೆ ಮುಚ್ಚಿದ ಬಾಗಿಲು. ಕಥೋಲಿಕ ಸಭೆ ಈಗಲೂ ಇಲ್ಲೇ ನಿಂತಿದೆ. ತೊಡಕು ಬೇರೆ, ಸಂದೇಹ ಬೇರೆ, ತೊಡಕುಗಳು ಎಷ್ಟು ಸೇರಿದರೂ ಸಂದೇಹವಾಗುವುದಿಲ್ಲ ಎಂದು 1864ರಲ್ಲಿ ಜಾನ್ ಹೆನ್ರಿ ನ್ಯೂಮನ್ ವಾದಿಸಿದ. ಸಭೆಯ ಬೋಧನೆಯಲ್ಲಿ ನಂಬಿಕೆ ಪಡೆದವರಿಗೆ ಅದನ್ನು ಬದಲಿಸಲು ಇಲ್ಲವೇ ಸಂದೇಹಿಸಲು ನ್ಯಾಯವಾದ ಕಾರಣ ಇರಲಾರದು ಎಂದು 1870ರಲ್ಲಿ ಮೊದಲನೇ ವ್ಯಾಟಿಕನ್ ಮಹಾಸಭೆ ಸಾರಿತು. 1992ರ ಧರ್ಮೋಪದೇಶ ಗ್ರಂಥ ಬೇಕೆಂದೇ ಪಟ್ಟ ಸಂದೇಹವನ್ನೂ ತಾನಾಗಿ ಬಂದ ಸಂದೇಹವನ್ನೂ ಬೇರ್ಪಡಿಸುತ್ತದೆ.

ತಾರ್ಕಿಕವಾಗಿ ಈ ವಿಂಗಡಣೆ ಸ್ವಚ್ಛವಾಗಿದೆ. ಮಗುವನ್ನು ಕಳೆದುಕೊಂಡ ತಾಯಿಯ ಸಂದೇಹ ತಾನಾಗಿ ಬಂದದ್ದೋ ಬೇಕೆಂದೇ ಪಟ್ಟದ್ದೋ ಎಂದು ಅವಳಿಗಾದರೂ ಗೊತ್ತಿರುತ್ತದೆಯೇ?

ಆಕ್ರಮಣವೆಂಬ ಅನುಭವ

ಮಾರ್ಟಿನ್ ಲೂಥರ್‌ಗೆ ಸಂದೇಹ ಬುದ್ಧಿಯ ಸಮಸ್ಯೆಯಾಗಿರಲಿಲ್ಲ. ದೇವರು ನನ್ನನ್ನು ಸ್ವೀಕರಿಸಿದ್ದಾನೆಯೇ ಎಂಬ ಭಯ ಅವನನ್ನು ಮುತ್ತಿಗೆ ಹಾಕುತ್ತಿತ್ತು. ಮಠದಲ್ಲಿ ಗಂಟೆಗಟ್ಟಲೆ ಪಾಪನಿವೇದನೆ ಮಾಡುತ್ತಿದ್ದ ಅವನನ್ನು ಮೇಲಧಿಕಾರಿ ಯೊಹಾನ್ ಫಾನ್ ಸ್ಟೌಪಿಟ್ಸ್ ಕ್ರಿಸ್ತನ ಗಾಯಗಳ ಕಡೆ ನೋಡಲು ಕಲಿಸಿದ. ಇದೇ ಲೂಥರ್ 1525ರಲ್ಲಿ ವಿದ್ವಾಂಸ ಎರಾಸ್ಮಸ್‌ನೊಂದಿಗೆ ಜಗಳಕ್ಕೆ ನಿಂತಾಗ, ಪವಿತ್ರಾತ್ಮನು ಸಂಶಯವಾದಿಯಲ್ಲ ಎಂದು ಗುಡುಗಿದ. ಇದರಲ್ಲಿ ವಿರೋಧವಿಲ್ಲ. ವಾಗ್ದಾನ ನಿಶ್ಚಯ, ಅದನ್ನು ಹಿಡಿದಿರುವ ಕೈ ನಡುಗುತ್ತದೆ. ಆ ನಡುಕವನ್ನು ದೇವರು ತಾಳುತ್ತಾನೆ, ವಾಗ್ದಾನದ ಬಗ್ಗೆಯೇ ತೂಗುಯ್ಯಾಲೆ ಆಡುವುದನ್ನು ಬೋಧಕರು ಒಪ್ಪಬಾರದು ಎಂಬುದು ಅವನ ಭೇದ.

ತೋಮನನ್ನು ಬೈದ ಕ್ಯಾಲ್ವಿನ್ ಕೂಡ ತನ್ನ ಮುಖ್ಯ ಗ್ರಂಥದಲ್ಲಿ, ಸಂದೇಹದ ಲೇಪವಿಲ್ಲದ ನಿಶ್ಚಯವನ್ನು ತಾನು ಕಲ್ಪಿಸುತ್ತಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. 17ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ ತನ್ನ 18ನೇ ಅಧ್ಯಾಯದಲ್ಲಿ, ನಿಜವಾದ ವಿಶ್ವಾಸಿಯೂ ನಿಶ್ಚಯಕ್ಕಾಗಿ ಬಹುಕಾಲ ಕಾಯಬೇಕಾಗಬಹುದು ಎಂದಿತು. ಸಭೆಯೊಂದು ತನ್ನ ಅಧಿಕೃತ ಪ್ರಮಾಣದಲ್ಲೇ ಕಾಯುವವರಿಗೆ ಜಾಗ ಬರೆದಿಟ್ಟದ್ದು ಸಣ್ಣ ಸಂಗತಿಯಲ್ಲ.

ಈ ಪ್ರೊಟೆಸ್ಟಂಟ್ ಪಂಥದ ಅನುಭವವನ್ನು ಕಥೆಯಾಗಿಸಿದವನು ಜಾನ್ ಬನ್ಯನ್. ಬೆಡ್‌ಫರ್ಡಿನ ಸೆರೆಮನೆಯಲ್ಲಿ 12 ವರ್ಷ ಕಳೆದ ಅವನು 1678ರಲ್ಲಿ ಪ್ರಕಟಿಸಿದ ಕಥೆಯಲ್ಲಿ, ಯಾತ್ರಿಕನು ಸಂದೇಹದ ಕೋಟೆಯಲ್ಲಿ ನಿರಾಶೆಯೆಂಬ ದೈತ್ಯನ ಸೆರೆಯಾಳಾಗುತ್ತಾನೆ. ಬಿಡುಗಡೆಯ ಬೀಗದಕೈ ವಾಗ್ದಾನ; ಅದು ಅಷ್ಟು ದಿನವೂ ಅವನ ಎದೆಯ ಬಳಿಯೇ ಇತ್ತು. ಬಾಸೆಲ್ ಮಿಷನ್ನಿನವರ ಕಾಲದಲ್ಲಿ ‘ಯಾತ್ರಿಕನ ಸಂಚಾರ’ವಾಗಿ ಈ ಕಥೆ ಕನ್ನಡಕ್ಕೂ ಬಂತು. ಈ ಪಂಥದ ಬಲ ಸಾಂತ್ವನ. ಅದು ಸಂದೇಹಿಯನ್ನು ಅಪರಾಧಿಯೆನ್ನದೆ ಗಾಯಾಳು ಎನ್ನುತ್ತದೆ. ಆದರೆ ಎಲ್ಲ ಸಂದೇಹವೂ ಆಕ್ರಮಣವಾದರೆ, ಸಭೆಯ ತಪ್ಪನ್ನು ಎತ್ತಿ ತೋರಿಸುವ ನ್ಯಾಯವಾದ ಪ್ರಶ್ನೆಯೂ ಸೈತಾನನ ಖಾತೆಗೆ ಹೋಗಿಬಿಡುವ ಅಪಾಯ ಇದರಲ್ಲಿದೆ.

ಕತ್ತಲೆಯಲ್ಲಿ ಉಳಿದವರು

16ನೇ ಶತಮಾನದ ಸ್ಪೇನಿನ ಶಿಲುಬೆಯ ಸಂತ ಯೋವಾನ್ನರು, ದೇವರ ಸಾನ್ನಿಧ್ಯದ ಸಿಹಿಯೆಲ್ಲ ಬತ್ತಿಹೋಗುವ ಕಾಲವನ್ನು ಆತ್ಮದ ಇರುಳೆಂದು ಕರೆದು, ಅದನ್ನು ದೇವರೇ ಮಾಡುವ ಶುದ್ಧೀಕರಣವಾಗಿ ವಿವರಿಸಿದರು. ಲಿಸ್ಯೂವಿನ ಸಂತ ತೆರೇಸ 1896ರ ಈಸ್ಟರ್‌ನಿಂದ, 1897ರಲ್ಲಿ 24ನೇ ವಯಸ್ಸಿಗೆ ಕ್ಷಯದಿಂದ ತೀರಿಹೋಗುವವರೆಗೆ, ಸ್ವರ್ಗವೆಂಬುದಿದೆಯೇ ಎಂಬ ಕತ್ತಲಲ್ಲಿ ಕಳೆದರು. ನಂಬಿಕೆಯಿಲ್ಲದವರ ಮೇಜಿನಲ್ಲಿ ಅವರ ಜೊತೆ ಕುಳಿತು ಉಣ್ಣುವುದಾಗಿ ಅದನ್ನು ಅರ್ಥಮಾಡಿಕೊಂಡರು. ಸಂದೇಹಿಗಳನ್ನು ದೂರದಿಂದ ಕನಿಕರಿಸುವ ಭಾಷೆ ಇದಲ್ಲ.

ಕಲ್ಕತ್ತದ ಮದರ್ ತೆರೇಸಾರ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಓದುಗರು ಬೆಚ್ಚಿದರು. ಸೇವೆಯನ್ನು ಆರಂಭಿಸಿದ ಕಾಲದಿಂದ 1997ರಲ್ಲಿ ತೀರಿಹೋಗುವವರೆಗೆ, ನಡುವೆ 1958ರಲ್ಲಿ ಸಿಕ್ಕ ಅಲ್ಪ ಬಿಡುವು ಬಿಟ್ಟರೆ, ಸುಮಾರು ಅರ್ಧ ಶತಮಾನ ಅವರಿಗೆ ದೇವರ ಇರವಿನ ಅನುಭವವೇ ಇರಲಿಲ್ಲ. ಈ ಪತ್ರಗಳನ್ನು ನಾಶಮಾಡಿ ಎಂದು ಅವರೇ ಕೇಳಿಕೊಂಡಿದ್ದರು. ಆ ಕತ್ತಲೆಯೇ ತಮ್ಮ ಸೇವೆಯ ಒಳಮುಖವೆಂದು ಒಪ್ಪಿಕೊಳ್ಳಲು ಅವರಿಗೆ ನೆರವಾದವರು ಭಾರತದಲ್ಲೇ ಪಾಠ ಹೇಳುತ್ತಿದ್ದ ಜೆಸ್ಯೂಟ್ ದೇವಶಾಸ್ತ್ರಜ್ಞ ಜೋಸೆಫ್ ನೋಯ್ನರ್. ನಂಬಿಕೆ ಕಳೆದುಕೊಂಡಿದ್ದನ್ನು ಒಪ್ಪಿಕೊಳ್ಳದ ಹೆಂಗಸು ಎಂದು ನಾಸ್ತಿಕರು ಕೆಲವರು ಓದಿದರು. ಶಿಲುಬೆಯ ಯೋವಾನ್ನರ ಸಾಲಿಗೆ ಸೇರುವ ಸಂತಳೆಂದು ಸಭೆ ಓದಿ, 2016ರಲ್ಲಿ ಸಂತಪದವಿ ಕೊಟ್ಟಿತು. ಅಷ್ಟು ವರ್ಷ ಬೆಳಗಾಗುತ್ತಲೇ ಎದ್ದು ಸಾಯುವವರ ಬಳಿ ಹೋದ ಹೆಂಗಸಿನ ಬಗ್ಗೆ ಮೊದಲನೇ ಓದು ಏನನ್ನೂ ವಿವರಿಸುವುದಿಲ್ಲ ಎಂದೇ ನನ್ನ ಅಭಿಪ್ರಾಯ. ಎರಡನೇ ಓದಿಗೂ ಒಂದು ಪ್ರಶ್ನೆ ಉಳಿದಿದೆ. ಸಾಂಪ್ರದಾಯಿಕ ವಿವರಣೆಯಲ್ಲಿ ಇರುಳಿನ ಕೊನೆಗೆ ಬೆಳಕಿದೆ; ಇಲ್ಲಿ ಬೆಳಕು ಬಂದ ದಾಖಲೆಯಿಲ್ಲ.

ಸಂದೇಹ ನಂಬಿಕೆಯ ಅಂಗವೇ?

ಸಂದೇಹ ನಂಬಿಕೆಯ ಅಂಗವೇ ಎಂಬುದು ಆಧುನಿಕ ಕಾಲದ ದೊಡ್ಡ ಪ್ರಸ್ತಾಪ. ಡೆನ್ಮಾರ್ಕಿನ ಕಿರ್ಕೆಗಾರ್ಡ್ 1843ರಲ್ಲಿ ಮಗನನ್ನು ಬಲಿಕೊಡಲು ಮೋರೀಯ ಬೆಟ್ಟ ಹತ್ತುವ ಅಬ್ರಹಾಮನನ್ನು ಮುಂದಿಟ್ಟು, ನಂಬಿಕೆಯಲ್ಲಿರುವ ನಡುಕವನ್ನು ಸುಲಭಗೊಳಿಸಿದವರನ್ನು ತರಾಟೆಗೆ ತೆಗೆದುಕೊಂಡ. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯ ಪಾದ್ರಿಯಾಗಿ ಹೆಣಗಳ ನಡುವೆ ನಿಂತಿದ್ದ ಪಾಲ್ ಟಿಲಿಕ್, 1957ರ ತನ್ನ ಪುಸ್ತಕದಲ್ಲಿ ಸಂದೇಹವನ್ನು ನಂಬಿಕೆಯ ಒಳಗಿನ ಅಂಶವೆಂದೇ ಘೋಷಿಸಿದ. ಒಂದು ವಿಷಯಕ್ಕೆ ಪೂರ್ಣವಾಗಿ ಒಪ್ಪಿಸಿಕೊಳ್ಳುವುದರಲ್ಲಿ ಅಪಾಯವಿದೆ, ಆ ಅಪಾಯದ ಅರಿವೇ ಈ ಸಂದೇಹ ಎಂಬುದು ಅವನ ವಾದ. ಮುಂದೆ ಪೋಪ್ ಆದ ಯೋಸೆಫ್ ರಾಟ್ಸಿಂಗರ್ ಕೂಡ 1968ರಲ್ಲಿ, ನಂಬುವವನಿಗೂ ನಂಬದವನಿಗೂ ಸಂದೇಹ ಸಮಾನವಾದ ಪಾಲು, ಇಬ್ಬರೂ ಮಾತಾಡಲು ಅದೇ ಜಾಗ ಎಂದು ಬರೆದರು. ಇಷ್ಟು ಬೇರೆಬೇರೆ ಮನಸ್ಸಿನವರು ಒಂದೇ ಕಡೆ ಬಂದು ಸೇರಿದ್ದು ಗಮನಾರ್ಹ.

ಈ ಚಿಂತನೆಗೆ ಬಂದ ಅತ್ಯಂತ ಗಟ್ಟಿಯಾದ ಉತ್ತರ ತಮಿಳುನಾಡಿನಲ್ಲಿ ದಶಕಗಳ ಕಾಲ ಕೆಲಸ ಮಾಡಿದ ಒಬ್ಬರದು. 1947ರಲ್ಲಿ ದಕ್ಷಿಣ ಭಾರತ ಸಭೆ ಹುಟ್ಟಿದಾಗ ಅದರ ಮೊದಲ ಬಿಷಪ್ಪರಲ್ಲಿ ಒಬ್ಬರಾದ ಲೆಸ್ಲಿ ನ್ಯೂಬಿಗಿನ್, 1995ರಲ್ಲಿ ಹೀಗೆ ವಾದಿಸಿದರು: ತತ್ವಜ್ಞಾನಿ ಡೇಕಾರ್ಟ್‌ನ ಕಾಲದಿಂದ ಸಂದೇಹವೇ ಪ್ರಾಮಾಣಿಕತೆ, ನಂಬಿಕೆ ದೌರ್ಬಲ್ಯ ಎಂಬ ಗ್ರಹಿಕೆ ಬೇರೂರಿದೆ. ಆದರೆ ಒಂದನ್ನು ಸಂದೇಹಿಸಲು ಇನ್ನೊಂದನ್ನು ಸದ್ಯಕ್ಕೆ ನಂಬಿರಲೇಬೇಕು. ಆದ್ದರಿಂದ ನಂಬಿಕೆ ಮೊದಲು, ಸಂದೇಹ ಅದರ ಅಗತ್ಯವಾದ ಆದರೆ ಎರಡನೆಯ ಸಹಾಯಕ. ಸಂದೇಹವನ್ನು ಆಭರಣದಂತೆ ತೊಡುವ ಒಂದು ಬಗೆ ನಮ್ಮ ಕಾಲದಲ್ಲಿ ಬೆಳೆದಿರುವುದರಿಂದ ಈ ಮಾತಿಗೆ ತೂಕವಿದೆ.

ಇವೆರಡರ ಮಧ್ಯೆ ಮೂರನೇ ದಾರಿಯೊಂದನ್ನು ಹಳೆಯ ಒಡಂಬಡಿಕೆಯ ವಿದ್ವಾಂಸ ವಾಲ್ಟರ್ ಬ್ರೂಗ್ಗೆಮನ್ 1986ರಲ್ಲಿ ತೋರಿಸಿದರು. ಸಭೆ ತನ್ನ ಆರಾಧನೆಯಿಂದ ಪ್ರಲಾಪವನ್ನು ಕೈಬಿಟ್ಟಾಗ, ದೇವರ ಮುಂದೆ ಹೌದೆನ್ನುವವರು ಮಾತ್ರ ಉಳಿಯುತ್ತಾರೆ, ನ್ಯಾಯದ ಪ್ರಶ್ನೆ ಕೇಳುವ ಧ್ವನಿಯೇ ಇಲ್ಲವಾಗುತ್ತದೆ ಎಂದು ಅವರು ಎಚ್ಚರಿಸಿದರು. ಸಿ. ಎಸ್. ಲೂಯಿಸ್ ಹೆಂಡತಿ ತೀರಿಹೋದ ಮರುವರ್ಷ, 1961ರಲ್ಲಿ, ದೇವರ ಮೇಲಿನ ಸಿಟ್ಟನ್ನು ಬರೆದ ಪುಸ್ತಕಕ್ಕೆ ತನ್ನ ಹೆಸರನ್ನೇ ಹಾಕಲಿಲ್ಲ. ನಂಬಿಕೆಯ ಪರವಾಗಿ ಅಷ್ಟು ಬರೆದವನಿಗೂ ದೂರನ್ನು ಗುಪ್ತನಾಮದಲ್ಲಿ ಹೇಳಬೇಕೆನಿಸಿತು. ಯೋಬನಿಗೆ ದೇವರು ಕೊಟ್ಟ ಸ್ವಾತಂತ್ರ್ಯವನ್ನು ಸಭೆ ತನ್ನ ಮಕ್ಕಳಿಗೆ ಎಲ್ಲ ಕಾಲದಲ್ಲೂ ಕೊಟ್ಟಿಲ್ಲ.

ತೀರದೇ ಉಳಿದವು

ತೀರದೇ ಉಳಿದ ಪ್ರಶ್ನೆಗಳಲ್ಲಿ ಮೊದಲನೆಯದು ಬೋಧಕರ ಸಂದೇಹ. ಪೀಠದಲ್ಲಿ ಕುಳಿತವನಿಗೆ ಸಂದೇಹಪಡುವ ಹಕ್ಕಿದ್ದರೂ ಅದನ್ನು ಪೀಠದಿಂದ ಹೇಳಬಹುದೇ? ವೂಲಿಚ್‌ನ ಬಿಷಪ್ ಜಾನ್ ರಾಬಿನ್ಸನ್ 1963ರಲ್ಲಿ ದೇವರ ಬಗೆಗಿನ ಸಾಂಪ್ರದಾಯಿಕ ಚಿತ್ರಣವನ್ನು ಪ್ರಶ್ನಿಸಿದ ಪುಸ್ತಕ ಲಕ್ಷಾಂತರ ಪ್ರತಿ ಮಾರಾಟವಾಯಿತು. ಅನೇಕರಿಗೆ ಉಸಿರಾಡಲು ಅವಕಾಶ ಕೊಟ್ಟಿತು, ಅನೇಕರ ಕಾಲಕೆಳಗಿನ ನೆಲ ಕಿತ್ತಿತು. ಕಲಿಯುವವನ ಸಂದೇಹಕ್ಕೆ ತಾಳ್ಮೆ ಸಾಕು, ಕಲಿಸುವವನ ಸಂದೇಹಕ್ಕೆ ಹೊಣೆ ಬೇಕು ಎನ್ನುವವರ ವಾದವನ್ನು ನಾನು ಒಪ್ಪುತ್ತೇನೆ. ಆದರೆ ಸಂದೇಹವೇ ಬಾರದಂತೆ ನಟಿಸುವ ಸಭಾಪಾಲಕರು ತಮ್ಮ ಜನರನ್ನು ಒಂಟಿಯಾಗಿಸುತ್ತಾರೆ ಎಂಬುದೂ ಅಷ್ಟೇ ನಿಜ. ಗೆರೆ ಎಲ್ಲಿ ಎಳೆಯಬೇಕೆಂದು ಯಾವ ಸಭೆಯೂ ತೃಪ್ತಿಕರವಾಗಿ ಹೇಳಿಲ್ಲ.

ಎರಡನೆಯದು ಸಂದೇಹದ ಫಲ. ಕೆನೆತ್ ಪಾರ್ಗಮೆಂಟ್, ಜೂಲಿ ಎಕ್ಸ್‌ಲೈನ್ ಮೊದಲಾದ ಮನಶ್ಶಾಸ್ತ್ರಜ್ಞರು ಸಂದೇಹವೂ ಸೇರಿದ ಆತ್ಮಿಕ ಸಂಘರ್ಷವನ್ನು ಅಳೆಯುವ ಮಾಪಕಗಳನ್ನು ರೂಪಿಸಿದ್ದಾರೆ. ಇಂಥ ಸಂಘರ್ಷ ಖಿನ್ನತೆ, ಆತಂಕಗಳ ಜೊತೆ ಸೇರಿಬರುವುದು ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡಿದೆ. ಅದರಿಂದ ವ್ಯಕ್ತಿ ಬೆಳೆಯುತ್ತಾನೆಂಬುದಕ್ಕೆ ಪುರಾವೆ ಮಿಶ್ರವಾಗಿದೆ. ಸಂದೇಹ ನಂಬಿಕೆಯನ್ನು ಗಟ್ಟಿಮಾಡುತ್ತದೆ ಎಂದು ಸಲೀಸಾಗಿ ಹೇಳುವವರು ಇದನ್ನು ಗಣನೆಗೆ ತೆಗೆದುಕೊಳ್ಳಬೇಕು.

ಎಲ್ಲಕ್ಕಿಂತ ಕಠಿಣವಾದದ್ದು ಹೋಗಿಬಿಟ್ಟವರ ಪ್ರಶ್ನೆ. ತೋಮ ಎಂಟನೇ ದಿನ ಮನೆಯೊಳಗಿದ್ದ. ಇಲ್ಲದಿದ್ದರೆ? ಸಂದೇಹದಲ್ಲೇ ಸಭೆಯನ್ನು ಬಿಟ್ಟು, ಸಂದೇಹದಲ್ಲೇ ತೀರಿಹೋದ ಮಗ ಅಥವಾ ಮಗಳ ವಿಷಯದಲ್ಲಿ ದೇವರ ತಾಳ್ಮೆ ಮರಣದ ಗಡಿಯಲ್ಲಿ ನಿಲ್ಲುತ್ತದೆಯೇ? ಕಥೋಲಿಕ, ಪ್ರೊಟೆಸ್ಟಂಟ್ ಮುಖ್ಯಧಾರೆಗಳ ಬೋಧನೆ ಮರಣವನ್ನು ನಿರ್ಣಾಯಕವೆನ್ನುತ್ತದೆ. 4ನೇ ಶತಮಾನದ ನಿಸ್ಸದ ಗ್ರೆಗೊರಿ ಕೊನೆಗೆ ಎಲ್ಲರೂ ದೇವರ ಬಳಿ ಮರಳುವರೆಂದು ಬರೆದ. 1980ರ ದಶಕದಲ್ಲಿ ಕಥೋಲಿಕ ದೇವಶಾಸ್ತ್ರಜ್ಞ ಹಾನ್ಸ್ ಉರ್ಸ್ ಫಾನ್ ಬಾಲ್ಟಸಾರ್, ಹಾಗೆಂದು ಬೋಧಿಸಲಾಗದು, ಆದರೆ ನಿರೀಕ್ಷಿಸಬಹುದು, ನಿರೀಕ್ಷಿಸುವುದು ಕರ್ತವ್ಯವೂ ಹೌದು ಎಂದರು. ಆ ನಿರೀಕ್ಷೆ ಮನುಷ್ಯನ ಆಯ್ಕೆಯನ್ನು ಹಗುರಮಾಡುತ್ತದೆ ಎಂದು ಅವರ ಟೀಕಾಕಾರರು ಈಗಲೂ ಹೇಳುತ್ತಾರೆ. ಆಯ್ಕೆ ಮಾಡಿದವನಿಗೆ ನಿಜವಾಗಿ ಏನು ಕಂಡಿತ್ತು ಎಂಬುದು ಯಾರಿಗೆ ಗೊತ್ತು ಎಂದು ಅವರ ಪರವಾದಿಗಳು ಕೇಳುತ್ತಾರೆ. ವಾದ ಮುಂದುವರಿದಿದೆ.